ಓಡಿದರೆ ಗಾಡಿ

ಸಂಜೆ ಐದರ ಮೇಲೆ ಕಾಸರಗೋಡಿನ ಬ್ಯಾಂಕ್ ರಸ್ತೆಯಲ್ಲೋ ವಿದ್ಯಾನಗರದ ಕಡೆಗೋ ಹತ್ತು ನಿಮಿಷ ನಿಂತು ನೋಡಿದವರಿಗೆ ಒಂದು ಸಂಗತಿ ಗಮನಕ್ಕೆ ಬಾರದೆ ಇರದು. ಇಪ್ಪತ್ತು ಇಪ್ಪತ್ತೈದರ ಹರೆಯದ ಹುಡುಗರು ಓಡಿಸುವ ಮೋಟಾರ್ ಸೈಕಲುಗಳಲ್ಲಿ ಕೆಲವು ಅವರ ಅಜ್ಜಂದಿರ ಕಾಲದ ಚಹರೆಯವು. ದುಂಡನೆಯ ದೀಪ, ನೀರಿನ ಹನಿಯಂತೆ ಹಿಂದಕ್ಕೆ ಸಪೂರವಾಗುವ ಟಾಂಕಿ, ಕಡ್ಡಿಗಳಿರುವ ಚಕ್ರ, ಚಪ್ಪಟೆ ಸೀಟು, ಕೆಂಗಂದು ಬಣ್ಣ. ಮುಖ ಹಳತು, ಗಾಡಿ ಹೊಸತು. ಇನ್ನು ಕೆಲವು ನಿಜಕ್ಕೂ ಹಳತೇ. ಹಟ್ಟಿಯ ಮೂಲೆಯಲ್ಲಿ ಅಡಿಕೆ ಗೋಣಿಗಳ ಹಿಂದೆ ವರ್ಷಗಟ್ಟಲೆ ನಿಂತಿದ್ದುದನ್ನು ಹೊರಗೆ ತಂದು, ಹ್ಯಾಂಡಲ್ ಬದಲಾಯಿಸಿ, ಹಿಂದಿನ ಮಡ್‌ಗಾರ್ಡ್ ಕತ್ತರಿಸಿ, ಬಣ್ಣ ಹೊಡೆಸಿ ರಸ್ತೆಗೆ ಇಳಿಸಿದವು.

ಇದನ್ನು ಎಳೆಯರ ಶೋಕಿ ಎಂದು ಹೇಳಿ ಮುಗಿಸಿಬಿಡುವುದು ಸುಲಭ. ಆದರೆ ಈ ಶೋಕಿಯ ಒಳಗೆ ಹಳೆಯದೊಂದು ಪ್ರಶ್ನೆ ಅಡಗಿ ಕುಳಿತಿದೆ. ನಮಗೆ ಹಿರಿಯರಿಂದ ಬಂದ ವಸ್ತುವನ್ನು ನಾವು ಎಷ್ಟರ ಮಟ್ಟಿಗೆ ಬದಲಾಯಿಸಬಹುದು? ಬದಲಾಯಿಸಿದ ಮೇಲೆಯೂ ಅದು ಅದೇ ವಸ್ತುವೋ? ಬದಲಾಯಿಸದೆ ಹಾಗೆಯೇ ಇಟ್ಟರೆ ಮಾತ್ರ ನಿಷ್ಠೆಯೋ? ಗಡಿನಾಡಿನಲ್ಲಿ ಕುಳಿತು ಒಂದು ಭಾಷೆಯನ್ನು ಉಳಿಸಿಕೊಳ್ಳಬೇಕೆಂದು ಒದ್ದಾಡುವ ನಮ್ಮಂಥವರಿಗೆ ಈ ಪ್ರಶ್ನೆ ಬರಿಯ ಬೈಕಿನದಾಗಿ ಉಳಿಯುವುದಿಲ್ಲ. ಆದರೂ ಮೊದಲು ಬೈಕಿನ ಮಾತನ್ನೇ ಆಡೋಣ. ಕಣ್ಣೆದುರಿಗಿರುವ ವಸ್ತುವನ್ನು ಹಿಡಿದು ಯೋಚಿಸಿದರೆ ದಾರಿ ತಪ್ಪುವ ಭಯ ಕಡಿಮೆ.

ವಾಹನವನ್ನು ಮುಂದಿಟ್ಟುಕೊಂಡು ತತ್ತ್ವ ಹೇಳುವುದು ನಮ್ಮ ದೇಶದಲ್ಲಿ ಹೊಸತೇನಲ್ಲ. ಗ್ರೀಕ್ ಅರಸ ಮಿಲಿಂದನಿಗೂ ಬೌದ್ಧ ಭಿಕ್ಷು ನಾಗಸೇನನಿಗೂ ನಡೆದ ಸಂವಾದವೆಂದು ಪಾಲಿ ಭಾಷೆಯ ‘ಮಿಲಿಂದಪನ್ಹ’ದಲ್ಲಿ ಒಂದು ಪ್ರಸಂಗ ಇದೆ. ನೀನು ರಥದಲ್ಲಿ ಬಂದೆಯಲ್ಲ, ರಥವೆಂದರೆ ಯಾವುದು, ಗಾಲಿಯೋ, ಅಚ್ಚೋ, ನೊಗವೋ ಎಂದು ಭಿಕ್ಷು ಕೇಳುತ್ತಾನೆ. ಅದ್ಯಾವುದೂ ರಥವಲ್ಲ, ಅವೆಲ್ಲವನ್ನು ಬಿಟ್ಟು ಬೇರೊಂದು ರಥವೂ ಇಲ್ಲ. ಅಂಗಗಳೆಲ್ಲ ಕೂಡಿದಾಗ ನಾವು ಇಡುವ ಹೆಸರು ಅದು ಎಂಬಲ್ಲಿಗೆ ಮಾತು ಮುಟ್ಟುತ್ತದೆ. ಗ್ರೀಕರಲ್ಲಿ ಥೀಸಿಯಸ್ ಎಂಬ ವೀರನ ಹಡಗಿನ ಕಥೆ ಪ್ರಸಿದ್ಧ. ಅಥೆನ್ಸಿನವರು ಅದರ ಹಲಗೆ ಕುಂಬಾದ ಹಾಗೆ ಒಂದೊಂದನ್ನೇ ಬದಲಾಯಿಸುತ್ತ ಬಂದರು. ಕೊನೆಗೆ ಅದು ಥೀಸಿಯಸನ ಹಡಗೇ ಹೌದೋ ಅಲ್ಲವೋ ಎಂಬ ಚರ್ಚೆ ತತ್ತ್ವಜ್ಞಾನಿಗಳಲ್ಲಿ ಹುಟ್ಟಿಕೊಂಡಿತೆಂದು ಪ್ಲುಟಾರ್ಕ್ ಬರೆಯುತ್ತಾನೆ. ರಥ, ಹಡಗು ಹೋಗಿ ಈಗ ನಮ್ಮ ಎದುರಿಗೆ ಜಾವಾ ಬೈಕು ಬಂದು ನಿಂತಿದೆ. ಪ್ರಶ್ನೆ ಅದೇ.

ಜಾವಾವನ್ನೇ ಏಕೆ ಹೆಸರಿಸಿದೆ ಎಂದರೆ ಅದು ನಮಗೆ ಹತ್ತಿರದ್ದು. ಹೆಸರು ಕೇಳಿ ಇಂಡೋನೇಷ್ಯಾದ ದ್ವೀಪವನ್ನು ನೆನೆಯುವವರಿದ್ದಾರೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಚೆಕ್ ದೇಶದ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ವಾಂಡರರ್ ಎಂಬ ಜರ್ಮನ್ ಕಂಪೆನಿಯ ಮೋಟಾರ್ ಸೈಕಲ್ ತಯಾರಿಸುವ ಹಕ್ಕನ್ನು ಪಡೆದು, ಎರಡು ಹೆಸರುಗಳ ಮೊದಲ ಅಕ್ಷರಗಳನ್ನು ಜೋಡಿಸಿದ. ಅದೇ ಜಾವಾ. 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪೆನಿ ಸ್ಥಾಪನೆಯಾಗಿ ಮರುವರ್ಷದಿಂದ ಯಾದವಗಿರಿಯ ಕಾರ್ಖಾನೆಯಿಂದ ಗಾಡಿಗಳು ಹೊರಬಂದವು. 1970ರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಸುಮಾರು ಮೂವತ್ತೈದು ವರ್ಷ ಕನ್ನಡನಾಡಿನ ಕಾರ್ಮಿಕರ ಕೈಯಿಂದ ತಯಾರಾದ ಗಾಡಿ ತಲಪಾಡಿ ದಾಟಿ ನಮ್ಮ ಬದಿಯ ತೋಟದ ದಾರಿಗಳಲ್ಲಿಯೂ ಓಡಿತು. ಕಿಕ್ ಹೊಡೆಯುವುದಕ್ಕೂ ಗೇರು ಹಾಕುವುದಕ್ಕೂ ಒಂದೇ ಸನ್ನೆ. ಒಂದು ಸಿಲಿಂಡರಿಗೆ ಎರಡು ಸೈಲೆನ್ಸರು. ದೀಪದ ಬುರುಡೆಯ ಮೇಲೆ ಮೊಳೆಯಂತೆ ಚುಚ್ಚುವ ಕೀಲಿ. ಒಂದು ಜಾವಾದ ಕೀಲಿ ಇನ್ನೊಂದಕ್ಕೂ ಆಗುತ್ತಿತ್ತು ಎಂದು ಹಳಬರು ಈಗಲೂ ನಗುತ್ತ ಹೇಳುವುದುಂಟು.

ಹಳೆಯ ಗಾಡಿಗಳ ವಿಷಯದಲ್ಲಿ ಮನುಷ್ಯರು ಮೂರು ಬಗೆಯಲ್ಲಿ ನಡೆದುಕೊಳ್ಳುತ್ತಾರೆ. ಮೊದಲನೆಯವರು ಅದನ್ನು ಮುಟ್ಟದೆ ಇಡುವವರು. ಎರಡನೆಯವರು ಹೊಸ ಗಾಡಿಗೆ ಹಳೆಯ ಮುಖ ಕೊಟ್ಟುಕೊಳ್ಳುವವರು. ಮೂರನೆಯವರು ಹಳತನ್ನು ಬೇಕಾದಲ್ಲಿ ಬದಲಾಯಿಸುತ್ತ ದಿನವೂ ಓಡಿಸುವವರು. ಮೂವರೂ ತಮ್ಮದೇ ನಿಜವಾದ ಪ್ರೀತಿ ಎನ್ನುತ್ತಾರೆ. ಒಬ್ಬೊಬ್ಬರ ವಾದವನ್ನೂ ಕೇಳಬೇಕು.

ಮುಟ್ಟದೆ ಇಡುವವರಿಗೆ ಈಗ ಸರಕಾರದ ಮನ್ನಣೆಯೂ ಉಂಟು. 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ಬಂತು. ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಚಾಸಿಸ್, ಎಂಜಿನ್, ಮೈಕಟ್ಟುಗಳಲ್ಲಿ ಹೇಳಿಕೊಳ್ಳುವ ಬದಲಾವಣೆ ಆಗದೆ ಮೂಲರೂಪದಲ್ಲಿ ಉಳಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಶುಲ್ಕ 20,000 ರೂಪಾಯಿ. ನಂಬರ್ ಫಲಕದಲ್ಲಿ ‘ವಿಎ’ ಎಂಬ ಎರಡು ಅಕ್ಷರಗಳ ಗೌರವ. ಆದರೆ ಒಂದು ಷರತ್ತು: ಅದನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನಕ್ಕೆ, ವಿಂಟೇಜ್ ಗಾಡಿಗಳ ಮೆರವಣಿಗೆಗೆ, ಇಂಧನ ತುಂಬಿಸಲು, ರಿಪೇರಿಗೆ ಹೀಗೆ ಕೆಲವು ಕಾರಣಗಳಿಗೆ ಮಾತ್ರ ರಸ್ತೆಗೆ ಇಳಿಸಬಹುದು. ನಿಯಮ ಮಾಡಿದವರಿಗೆ ಅವರದೇ ಕಾರಣಗಳಿವೆ, ಅವುಗಳನ್ನು ಅಲ್ಲಗಳೆಯುವುದಿಲ್ಲ. ಆದರೆ ಇದರೊಳಗಿನ ವಿಚಿತ್ರವನ್ನು ಗಮನಿಸಿ. ಗಾಡಿಗೆ ಪೂರ್ಣ ಗೌರವ ಸಿಗಬೇಕಾದರೆ ಅದು ಗಾಡಿಯ ಕೆಲಸವನ್ನು ಬಿಡಬೇಕು. ಸ್ಥಾವರ, ಜಂಗಮ ಎಂಬ ಎರಡು ಶಬ್ದಗಳನ್ನು ಶರಣರು ಕನ್ನಡಕ್ಕೆ ದಾಟಿಸಿಕೊಟ್ಟಿದ್ದಾರೆ. ಜಂಗಮವಾಗಿದ್ದ ವಸ್ತುವನ್ನು ಸ್ಥಾವರ ಮಾಡಿ ಪೂಜಿಸುವುದು ನಮ್ಮ ಹಳೆಯ ಚಾಳಿ.

ಎರಡನೆಯವರ ಮಾತಿಗೆ ಬರೋಣ. 2018ರ ನವೆಂಬರಿನಲ್ಲಿ ಜಾವಾ ಹೆಸರು ಮತ್ತೆ ಮಾರುಕಟ್ಟೆಗೆ ಬಂತು. ಯೆಜ್ಡಿ 2022ರ ಜನವರಿಯಲ್ಲಿ. ಕಾರ್ಖಾನೆ ಈಗ ಮೈಸೂರಿನಲ್ಲಿಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ. ಹಳೆಯದು ಎರಡು ಸ್ಟ್ರೋಕಿನದು, ಗಾಳಿಯಿಂದ ತಣಿಯುವಂಥದ್ದು. ಹೊಸತು ನಾಲ್ಕು ಸ್ಟ್ರೋಕಿನ ಎಂಜಿನ್, ದ್ರವದಿಂದ ತಣಿಯುವಂಥದ್ದು, ಮುಂದೆ ರೇಡಿಯೇಟರ್ ಉಂಟು. ಆದರೂ ಹೊಸ ಎಂಜಿನ್ನಿನ ಮೈಮೇಲೆ ಹಳೆಯದರಂತೆ ಪಟ್ಟಿ ಪಟ್ಟಿ ರೆಕ್ಕೆಗಳನ್ನು ಮಾಡಿದ್ದಾರೆ. ಹಳೆಯ ಗಾಡಿಯಲ್ಲಿ ಆ ರೆಕ್ಕೆಗಳು ಇಲ್ಲದಿದ್ದರೆ ಎಂಜಿನ್ ಸುಟ್ಟುಹೋಗುತ್ತಿತ್ತು. ಹೊಸತರಲ್ಲಿ ಅವು ಬಹುಮಟ್ಟಿಗೆ ಕಣ್ಣಿಗೆ. ಇದು ಸುಳ್ಳೋ?

ಸುಳ್ಳು ಎಂದು ನನಗೆ ಅನ್ನಿಸುವುದಿಲ್ಲ. ಯಕ್ಷಗಾನದ ರಾಜವೇಷದ ಕಿರೀಟ ಮರದ್ದೆಂದು ಕುಂಬಳೆ ಸೀಮೆಯ ಮಕ್ಕಳಿಗೂ ಗೊತ್ತು. ವೇಷ ವೇಷವೆಂದು ಎಲ್ಲರಿಗೂ ತಿಳಿದಿರುವಾಗ ಅಲ್ಲಿ ಮೋಸವಿಲ್ಲ. ಹೊಸ ಗಾಡಿಯ ಕಂಪೆನಿ ತನ್ನದು ರೇಡಿಯೇಟರ್ ಇರುವ ಎಂಜಿನ್ ಎಂದು ಬಚ್ಚಿಟ್ಟಿಲ್ಲ. ಚೆಲುವಿಗಾಗಿ ಒಂದು ರೇಖೆಯನ್ನು ಹಳಬರಿಂದ ಎರವಲು ಪಡೆದರೆ ಅದು ಹಳಬರಿಗೆ ಸಲ್ಲಿಸಿದ ಮರ್ಯಾದೆಯೇ. ತೊಡಕು ಇರುವುದು ಬೇರೆ ಕಡೆ. ರೂಪವನ್ನು ಹಣ ಕೊಟ್ಟು ಕೊಳ್ಳಬಹುದು. ಸಂಬಂಧವನ್ನು ಕೊಳ್ಳಲಾಗುವುದಿಲ್ಲ.

ಹಳೆಯ ಜಾವಾ ಇಟ್ಟುಕೊಂಡವನಿಗೆ ಪೆಟ್ರೋಲಿಗೆ ಲೀಟರಿಗೆ ಸುಮಾರು 40 ಮಿ.ಲೀ. ಎಣ್ಣೆ ಬೆರೆಸಬೇಕೆಂದು ಗೊತ್ತಿರಬೇಕಿತ್ತು. ಪಾಯಿಂಟಿನ ಎಡೆ ಹೆಚ್ಚಾದರೆ ಏನು, ಕಡಿಮೆಯಾದರೆ ಏನು, ಪ್ಲಗ್ಗು ಒದ್ದೆಯಾಗಿದೆಯೋ ಕರಿ ಹಿಡಿದಿದೆಯೋ ಎಂದು ನೋಡಲು ತಿಳಿದಿರಬೇಕಿತ್ತು. ಮಳೆಗಾಲದಲ್ಲಿ ಎಂಜಿನ್ ಸ್ಟಾರ್ಟ್ ಆಗದಿದ್ದರೆ ಅವನೇ ಬಗ್ಗಿ ಕೂರಬೇಕಿತ್ತು. ಅಮೆರಿಕದ ರಾಬರ್ಟ್ ಪಿರ್ಸಿಗ್ 1974ರಲ್ಲಿ ಪ್ರಕಟಿಸಿದ, ಮಗನೊಂದಿಗೆ ಮೋಟಾರ್ ಸೈಕಲಿನಲ್ಲಿ ಮಾಡಿದ ಪ್ರಯಾಣದ ಪುಸ್ತಕದಲ್ಲಿ ಇದನ್ನೇ ದೊಡ್ಡ ಪ್ರಶ್ನೆಯಾಗಿ ಎತ್ತಿದ್ದಾನೆ. ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಕೆಲಕಾಲ ತತ್ತ್ವಶಾಸ್ತ್ರ ಓದಿದವನು ಆತ. ಗಾಡಿಯ ಸೊಗಸನ್ನು ಮಾತ್ರ ಕಾಣುವವರು ಒಂದು ಕಡೆ, ಅದರ ಒಳಗಿನ ಕೆಲಸವನ್ನು ಕಾಣುವವರು ಇನ್ನೊಂದು ಕಡೆ. ಈ ಎರಡು ನೋಟಗಳು ಬೇರೆಯಾದುದೇ ಈ ಕಾಲದ ಕಷ್ಟ ಎಂಬುದು ಅವನ ಚಿಂತೆ. ಹಳೆಯ ಮುಖದ ಹೊಸ ಗಾಡಿ ಕೊಂಡ ಹುಡುಗ ಅದರ ಸರಪಳಿಗೆ ಎಣ್ಣೆ ಬಿಡಲು ಕಲಿತರೆ ಅವನಿಗೂ ಸಂಬಂಧ ಬೆಳೆಯಬಹುದು. ಕೊಂಡ ದಿನವೇ ಬೆಳೆದುಬಿಟ್ಟಿತೆಂದು ತಿಳಿದರೆ ಮಾತ್ರ ಅದು ಭ್ರಮೆ.

ಮೂರನೆಯವರ ವಿಷಯ ಹೇಳಲು ನನ್ನ ಬಂಧುಗಳ ಮನೆಯ ಒಂದು ವ್ಯಾಜ್ಯವನ್ನು ಹೇಳಬೇಕಾಗುತ್ತದೆ. ಮುಳ್ಳೇರಿಯದ ಆಚೆ ನನ್ನ ತಂಗಿಯ ಗಂಡನ ಮನೆ. ಭಾವನ ತಂದೆ 1972ರಲ್ಲಿ ಒಂದು ಜಾವಾ ಕೊಂಡಿದ್ದರು. ಅವರು ತೀರಿಕೊಂಡ ಮೇಲೆ ಗಾಡಿ ಹಟ್ಟಿ ಸೇರಿತು. ಮೊಮ್ಮಗ ಕೆಲಸ ಸಿಕ್ಕಿ ವಿದ್ಯಾನಗರದಲ್ಲಿ ಕೋಣೆ ಹಿಡಿದ ಮೇಲೆ ಅದನ್ನು ಸರಿಪಡಿಸಿ ಪೇಟೆಯಲ್ಲಿ ಓಡಿಸುತ್ತೇನೆಂದು ಹೊರಟ. ಅವನ ಕೈಯಲ್ಲಿ ಒಂದು ಚಿತ್ರವೂ ಇತ್ತು: ಗಿಡ್ಡ ಹ್ಯಾಂಡಲ್, ಒಬ್ಬರಿಗೆ ಮಾತ್ರ ಕೂರುವ ಸೀಟು, ಅರ್ಧ ಕತ್ತರಿಸಿದ ಮಡ್‌ಗಾರ್ಡ್, ಒಳಗಿನ ತಡೆ ತೆಗೆದ ಸೈಲೆನ್ಸರ್. ತಂದೆ ಒಪ್ಪಲಿಲ್ಲ. “ಅಪ್ಪ ಇಟ್ಟ ಹಾಗೆಯೇ ಇರಲಿ ಭಾವ, ಅದು ಅವರ ನೆನಪು. ಬೇಕಾದರೆ ವಿಂಟೇಜ್ ಮಾಡಿಸುವ” ಎಂದು ಅವರು. “ಅಜ್ಜ ಅದನ್ನು ನಿಲ್ಲಿಸಿ ನೋಡಲಿಕ್ಕೆ ತೆಗೆದದ್ದಲ್ಲ ಮಾವ” ಎಂದು ಅವನು.

ನಾನು ಹೋಗಿ ಗಾಡಿಯನ್ನು ನೋಡಿದೆ. ಹಿಂದುಗಡೆ ಕಬ್ಬಿಣದ ದೊಡ್ಡದೊಂದು ಕ್ಯಾರಿಯರ್. ಅಜ್ಜ ಗೋಣಿ ಸಾಗಿಸಲಿಕ್ಕೆಂದು ಯಾರೋ ಕಮ್ಮಾರರ ಕೈಯಲ್ಲಿ ಬೆಸುಗೆ ಹಾಕಿಸಿದ್ದು. ಅದರ ಮೇಲೆ ಎಷ್ಟೋ ಮಣ ಅಡಿಕೆ ಕಾಸರಗೋಡಿಗೆ ಬಂದಿದೆ. ಜ್ವರ ಬಂದವರನ್ನು ಅಜ್ಜನ ಬೆನ್ನಿಗೆ ಬೈರಾಸಿನಿಂದ ಬಿಗಿದು ಆಸ್ಪತ್ರೆಗೆ ತಂದದ್ದೂ ಉಂಟು. ಈಗ ತಮಾಷೆ ನೋಡಿ. ಆ ಕ್ಯಾರಿಯರ್ ಕಾರ್ಖಾನೆಯದಲ್ಲ. ಮೂಲರೂಪವೇ ಬೇಕೆಂದರೆ ಅದನ್ನು ಕತ್ತರಿಸಿ ಬಿಸಾಡಬೇಕು. ಅಜ್ಜನ ನೆನಪು ಬೇಕೆಂದರೆ ಅದನ್ನೇ ಮೊದಲು ಉಳಿಸಬೇಕು. ಮೈಸೂರಿನಲ್ಲಿ ಹುಟ್ಟಿದ ಜಾವಾ ಯಾವುದು, ಅಜ್ಜನ ಜಾವಾ ಯಾವುದು? ‘ಮೂಲ’ ಎಂದು ನಾವು ಬೆರಳಿಟ್ಟು ತೋರಿಸುವ ಜಾಗದಲ್ಲಿ ಹೆಚ್ಚಾಗಿ ಇನ್ನಾರೋ ಮಾಡಿದ ಬದಲಾವಣೆಯೊಂದು ಇರುತ್ತದೆ. ಆ ಅಜ್ಜ ತನ್ನ ಕಾಲದ ಅಗತ್ಯಕ್ಕೆ ಗಾಡಿಯನ್ನು ಬದಲಾಯಿಸಿಕೊಂಡರು. ಮೊಮ್ಮಗನಿಗೆ ಆ ಹಕ್ಕು ಇಲ್ಲವೆನ್ನಲು ನಮಗೆ ಯಾವ ಆಧಾರ?

ಇನ್ನೊಂದು ಸಂಗತಿಯೂ ಇದೆ. ನಾವು ಬದಲಾಯಿಸದಿದ್ದರೂ ಸುತ್ತಲಿನ ಲೋಕ ಬದಲಾಗುತ್ತದೆ. 2025ರ ಹೊತ್ತಿಗೆ ದೇಶದ ಎಲ್ಲೆಡೆ ಪಂಪುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್ ಬಂತು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಹಳೆಯ ಕಾಲದ ರಬ್ಬರ್ ಕೊಳವೆ, ವಾಷರುಗಳನ್ನು ಉಬ್ಬಿಸಿ ಕೆಡಿಸುತ್ತದೆ. ಐವತ್ತು ವರ್ಷದ ಹಿಂದಿನ ಕೊಳವೆಯನ್ನೇ ಉಳಿಸುತ್ತೇನೆಂದು ಹಠ ಹಿಡಿದರೆ ಗಾಡಿ ಉಳಿಯುವುದಿಲ್ಲ. ಗಾಡಿ ತಾನಾಗಿಯೇ ಉಳಿಯಬೇಕಾದರೆ ಅದರ ಕೊಳವೆ ಹೊಸತಾಗಬೇಕು. ಪೇಟೆಯ ಮಲಯಾಳಿ ಮೆಕ್ಯಾನಿಕ್ ಒಬ್ಬರಲ್ಲಿ ಈ ಜಿಜ್ಞಾಸೆಯನ್ನೆಲ್ಲ ಹೇಳಿದಾಗ ಅವರು ಸ್ಪ್ಯಾನರ್ ಕೆಳಗಿಡದೆಯೇ “ಓಡಿಯಾಲೇ ವಂಡಿಯಾವೂ” ಎಂದರು. ಓಡಿದರೇ ಅದು ಗಾಡಿ. ನಾಗಸೇನ ಅಂಗಗಳು ಕೂಡುವುದನ್ನು ಹೇಳಿದ. ಇವರು ಅದಕ್ಕೆ ಓಟವನ್ನೂ ಸೇರಿಸಿದರು.

ಹಾಗೆಂದು ಎಲ್ಲ ಬದಲಾವಣೆಯೂ ಸರಿಯೇ? ಅಲ್ಲ. ಆ ದಿನ ತಂದೆ ಮಗ ಇಬ್ಬರ ಎದುರಿಗೂ ನಾನು ಮೂರು ಪ್ರಶ್ನೆಗಳನ್ನು ಇಟ್ಟೆ. ಈ ಬದಲಾವಣೆಯಿಂದ ಗಾಡಿಯ ಕೆಲಸ ನಡೆಯುತ್ತದೆಯೋ, ನಿಲ್ಲುತ್ತದೆಯೋ? ಮುಂದೆ ಬರುವವನಿಗೆ ಬೇಡವೆನಿಸಿದರೆ ಇದನ್ನು ಹಿಂದಿನಂತೆ ಮಾಡಲು ಸಾಧ್ಯವೋ? ಇದರ ಬೆಲೆಯನ್ನು ಕೊಡುವವರು ಯಾರು, ನಾವೋ, ಬೇರೆಯವರೋ? ಈ ಮೂರರಿಂದ ಎಲ್ಲ ತಕರಾರೂ ಮುಗಿಯುವುದಿಲ್ಲ. ಆದರೆ ಮಾತು ‘ನನಗೆ ಇಷ್ಟ’, ‘ನನಗೆ ಕಷ್ಟ’ ಎಂಬಲ್ಲಿಂದ ಸ್ವಲ್ಪ ಮುಂದಕ್ಕೆ ಹೋಗುತ್ತದೆ.

ಮೊದಲನೆಯ ಪ್ರಶ್ನೆಯಲ್ಲಿ ಹೊಸ ಬ್ರೇಕ್ ಶೂ, ಹೊಸ ಟಯರು, ಹೊಸ ವಯರಿಂಗು ಸುಲಭವಾಗಿ ಪಾಸಾದವು. ಹಳೆಯ 6 ವೋಲ್ಟಿನ ದೀಪದ ಮಂಕು ಬೆಳಕಿನಲ್ಲಿ ಇಂದಿನ ರಸ್ತೆಯಲ್ಲಿ ಓಡಿಸುವುದು ಓಡಿಸುವವನಿಗೂ ಅಪಾಯ, ಎದುರಿನಿಂದ ಬರುವವನಿಗೂ ಅಪಾಯ. ಅದನ್ನು 12 ವೋಲ್ಟಿಗೆ ಬದಲಾಯಿಸುವುದಕ್ಕೆ ತಂದೆಯೂ ತಕರಾರು ಹೇಳಲಿಲ್ಲ. ಎರಡನೆಯ ಪ್ರಶ್ನೆಯಲ್ಲಿ ಮಡ್‌ಗಾರ್ಡ್ ಸಿಕ್ಕಿಬಿತ್ತು. ಕತ್ತರಿಸಿದ ತಗಡು ಮತ್ತೆ ಬೆಳೆಯುವುದಿಲ್ಲ. ಆ ಕಾರ್ಖಾನೆ ಮುಚ್ಚಿ ಮೂವತ್ತು ವರ್ಷವಾಗುತ್ತ ಬಂತು. ಇನ್ನೊಂದು ಅಂಥದ್ದು ತಯಾರಾಗುವುದಿಲ್ಲ. ಹುಡುಗ ಯೋಚಿಸಿ, ಹಳೆ ಸಾಮಾನಿನ ಅಂಗಡಿಯಿಂದ ತುಕ್ಕು ಹಿಡಿದ ಬೇರೊಂದನ್ನು ತಂದು ಅದನ್ನು ತನಗೆ ಬೇಕಾದಂತೆ ಗಿಡ್ಡ ಮಾಡಿಸಿದ. ಅಜ್ಜನದ್ದಕ್ಕೆ ಎಣ್ಣೆ ಬಳಿದು ಅಟ್ಟಕ್ಕೆ ಏರಿಸಿದ. ಕ್ಯಾರಿಯರನ್ನು ಉಳಿಸಿಕೊಂಡ. ಅದು ಚಿತ್ರದಲ್ಲಿದ್ದಂತೆ ಚಂದ ಕಾಣುವುದಿಲ್ಲ ನಿಜ. ಆದರೆ ವಾರಕ್ಕೊಮ್ಮೆ ಮನೆಯಿಂದ ಬಾಳೆಗೊನೆ, ತೆಂಗಿನಕಾಯಿ ತರಲು ಅದು ಬೇಕು.

ಮೂರನೆಯ ಪ್ರಶ್ನೆಯೇ ಕಠಿಣ. ಸೈಲೆನ್ಸರಿನ ಒಳಗಿನ ತಡೆಯನ್ನು ತೆಗೆದರೆ ಹುಡುಗನಿಗೆ ಖರ್ಚಿಲ್ಲ, ಕಷ್ಟವೂ ಇಲ್ಲ. ಬೇಕೆಂದಾಗ ಹಿಂದಕ್ಕೆ ಹಾಕಲೂಬಹುದು. ಆದರೆ ಬೆಲೆ ಕೊಡುವವರು ದಾರಿಯ ಬದಿಯ ಮನೆಗಳಲ್ಲಿ ಇರುವವರು. 175 ಸಿಸಿಗಿಂತ ದೊಡ್ಡ ಎಂಜಿನ್ನಿನ ಹೊಸ ಬೈಕುಗಳು ಕಾರ್ಖಾನೆಯಿಂದ ಹೊರಡುವಾಗ 80 ಡೆಸಿಬೆಲ್ ಮೀರಬಾರದೆಂದು ನಿಯಮ ಉಂಟು. ಡೆಸಿಬೆಲಿನ ಲೆಕ್ಕ ನಮ್ಮ ಮಾಮೂಲು ಲೆಕ್ಕದಂತಲ್ಲ. ಹತ್ತು ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ. 80 ಇದ್ದದ್ದು 100 ಆದರೆ ನೂರು ಪಟ್ಟು. ರಾತ್ರಿ ಹತ್ತರ ಮೇಲೆ ಕೋಟೆಕಣಿಯ ಇಕ್ಕಟ್ಟಿನ ದಾರಿಯಲ್ಲಿ ಅಂಥ ಗಾಡಿಯೊಂದು ಹೋದರೆ, ಆಗಷ್ಟೆ ನಿದ್ದೆ ಹತ್ತಿದ ಮುದುಕರೂ ತೊಟ್ಟಿಲಿನ ಮಗುವೂ ಅದರ ಸುಂಕ ಕಟ್ಟಬೇಕು. ಗಾಡಿ ನನ್ನದೆನ್ನುವ ಮಾತು ಟಾಂಕಿಯ ಬಣ್ಣದವರೆಗೆ ಸಲ್ಲುತ್ತದೆ. ಸದ್ದು ಗಾಡಿಯಿಂದ ಹೊರಟ ಕ್ಷಣದಿಂದ ಅದು ಕೇಳುವವನದು ಕೂಡ.

ಇದೇ ಅಳತೆಯನ್ನು ಹಳೆಯ ಗಾಡಿಯ ಹೊಗೆಗೂ ಹಿಡಿಯಬೇಕು. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಹೊಸ ಮಿಶ್ರಣ ಒಳಗೆ ಬರುವ ಹೊತ್ತಿಗೇ ಹೊಗೆಯ ಬಾಗಿಲೂ ತೆರೆದಿರುತ್ತದೆ. ಅದರಿಂದ ಸುಡದ ಪೆಟ್ರೋಲು, ಎಣ್ಣೆಯ ಒಂದು ಭಾಗ ಹಾಗೆಯೇ ಹೊರಗೆ ಹೋಗುತ್ತದೆ. ನಮಗೆ ಬಾಲ್ಯವನ್ನು ನೆನಪಿಸುವ ಆ ವಾಸನೆ ಹಿಂದೆ ಬರುವವನ ಎದೆಯೊಳಗೆ ಸೇರುವಂಥದ್ದು. ದಿನಕ್ಕೆ ಆರೇಳು ಕಿಲೊಮೀಟರ್ ಓಡುವ ಒಂದೆರಡು ಗಾಡಿಗಳಿಂದ ಆಕಾಶ ಕಪ್ಪಾಗದು. ಎಲ್ಲರೂ ಇದನ್ನೇ ಮಾಡಿದರೆ ಏನಾದೀತು ಎಂಬ ತತ್ತ್ವಜ್ಞಾನಿ ಕಾಂಟನ ಪ್ರಶ್ನೆಗೆ ಮಾತ್ರ ಅದು ಉತ್ತರವಾಗುವುದಿಲ್ಲ. ಹಳತನ್ನು ಪ್ರೀತಿಸುವವನು ಅದರ ಹೊಗೆಯ ಲೆಕ್ಕವನ್ನೂ ಇಟ್ಟುಕೊಳ್ಳಬೇಕು. ಎಂಜಿನ್ನನ್ನು ಸುಸ್ಥಿತಿಯಲ್ಲಿಡುವುದು, ಎಣ್ಣೆಯನ್ನು ಅಳೆದು ಹಾಕುವುದು, ಮಿತವಾಗಿ ಓಡಿಸುವುದು ಇವಿಷ್ಟು ಅವನ ಕೈಯಲ್ಲಿದೆ.

ಇಲ್ಲಿ ಕಾನೂನಿನ ಮಾತನ್ನೂ ಹೇಳಬೇಕು. ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸುವಂತಿಲ್ಲ. ಕೇರಳ ಹೈಕೋರ್ಟಿನ ತೀರ್ಪಿನ ಮೇಲೆ ಹೋದ ಅಪೀಲಿನಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಖಚಿತವಾಗಿ ಹೇಳಿತು. ಬಣ್ಣ ಮತ್ತು ಸಣ್ಣಪುಟ್ಟ ಜೋಡಣೆಗೆ ಅಡ್ಡಿಯಿಲ್ಲ. ಎಂಜಿನ್ ಬದಲಾಯಿಸುವುದಕ್ಕೆ ಅನುಮತಿ ಬೇಕು. ಮೂಲ ರಚನೆಯನ್ನು ಮುಟ್ಟಬಾರದು. ಅದೇ ವರ್ಷದ ತಿದ್ದುಪಡಿಯಲ್ಲಿ ಪ್ರತಿಯೊಂದು ಅಕ್ರಮ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸಜೆ, ಇಲ್ಲವೆ ಎರಡನ್ನೂ ವಿಧಿಸಬಹುದೆಂದು ಸೇರಿತು. ಹುಡುಗರು ಇದನ್ನು ಕಿರುಕುಳವೆನ್ನುತ್ತಾರೆ. ಆದರೆ ಕಾನೂನಿನ ಹಿಂದಿರುವ ನ್ಯಾಯ ನಮ್ಮ ಮೂರನೆಯ ಪ್ರಶ್ನೆಯೇ ಆಗಿದೆ. ಚಾಸಿಸ್ ಕೊಯ್ದು ಬೆಸೆದ ಗಾಡಿ ಎರಡು ತುಂಡಾದರೆ ಪೆಟ್ಟು ತಿನ್ನುವವನು ಓಡಿಸುವವನೊಬ್ಬನೇ ಅಲ್ಲ. ಬಸ್ಸಿಗೆ ಕಾದು ನಿಂತ ಅಪರಿಚಿತನೂ ಹೌದು. ಅಷ್ಟರ ಮಟ್ಟಿಗೆ ಕಾನೂನನ್ನು ಒಪ್ಪಬೇಕು. ಆದರೆ ತಯಾರಕನ ಮಾತೇ ಕೊನೆಯ ಮಾತು ಎಂಬುದು ಸುರಕ್ಷತೆಯ ವಿಷಯದಲ್ಲಿ ಸರಿ. ಒಂದು ವಸ್ತುವಿನ ಬಾಳಿನ ವಿಷಯದಲ್ಲಿ ಸಾಲದು. ತಯಾರಕನೇ ಇಲ್ಲವಾದ ಮೇಲೆ ಗಾಡಿಯನ್ನು ಕಾಯುವವರು ಅದನ್ನು ಇಟ್ಟುಕೊಂಡವರು, ರಿಪೇರಿ ಮಾಡುವವರು.

ಹೀಗೆ ತಯಾರಾದ ಗಾಡಿಯನ್ನು ಪೇಟೆಯೊಳಗೆ ಓಡಿಸುವುದರಲ್ಲಿ ಒಂದು ಬಗೆಯ ಬಾಳ್ವೆಯೂ ಉಂಟು. ರಾಷ್ಟ್ರೀಯ ಹೆದ್ದಾರಿ 66 ಅಗಲವಾಗಿ ದೊಡ್ಡ ವಾಹನಗಳು ಮೇಲಿನಿಂದ ಸುಂಯ್ಯನೆ ಹಾರಿಹೋಗುತ್ತವೆ. ಸಣ್ಣ ಗಾಡಿಯವನು ಕೆಳಗಿನ ದಾರಿಯಲ್ಲಿ ಹೋಗುತ್ತಾನೆ. ಚಂದ್ರಗಿರಿ ಸೇತುವೆಯ ಮೇಲೆ ಗಂಟೆಗೆ ನಲವತ್ತರಲ್ಲಿ ಹೋಗುವವನಿಗೆ ಹೊಳೆಯ ಗಾಳಿ ಮುಖಕ್ಕೆ ಬಡಿಯುತ್ತದೆ, ದಡದ ಮೇಲಿನ ಕೋಟೆ ಕಣ್ಣಿಗೆ ಸಿಗುತ್ತದೆ. ಪರಿಚಯದವರನ್ನು ಕಂಡರೆ ನಿಲ್ಲಿಸಬಹುದು. ನಿಂತಲ್ಲಿ ನಾಲ್ಕು ಜನ ಸೇರಿ, “ಇದು ಯಾವ ವರ್ಷದ್ದು?” ಎಂದು ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಮಲಯಾಳದಲ್ಲಿ, ಮತ್ತೊಬ್ಬರು ತುಳುವಿನಲ್ಲಿ ಕೇಳುತ್ತಾರೆ. ತನ್ನ ಅಪ್ಪನಿಗೂ ಒಂದಿತ್ತು ಎಂದು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಹಟ್ಟಿಯಲ್ಲಿ ನಿಂತ ಗಾಡಿ ಒಂದು ಮನೆಯ ನೆನಪನ್ನು ಮಾತ್ರ ಕಾಯುತ್ತಿತ್ತು. ಪೇಟೆಗೆ ಬಂದ ಮೇಲೆ ಅದು ಊರಿನವರ ನೆನಪುಗಳನ್ನೂ ಎಬ್ಬಿಸುತ್ತದೆ.

ಬದಲಾವಣೆಯಿಂದ ಉಳಿಯುವ ವಿದ್ಯೆ ನಮ್ಮ ನೆಲದಲ್ಲಿ ಹಿಂದಿನಿಂದಲೂ ಇದೆ. ದೇವಸ್ಥಾನದ ಮಾಡು ಕುಂಬಾದರೆ ಹೊಸ ಮರ ಹಾಕಿ, ಕಲ್ಲು ಜರಿದರೆ ಹೊಸ ಕಲ್ಲಿಟ್ಟು ಬ್ರಹ್ಮಕಲಶ ಮಾಡುತ್ತೇವೆ. ಜೀರ್ಣೋದ್ಧಾರ ಎಂಬ ಒಳ್ಳೆಯ ಹೆಸರೇ ಅದಕ್ಕುಂಟು. 2025ರಲ್ಲಿ ಮಧೂರಿನಲ್ಲಿ ಬ್ರಹ್ಮಕಲಶವೂ ಮೂಡಪ್ಪ ಸೇವೆಯೂ ನಡೆದಾಗ ಸೇರಿದ ಜನರಲ್ಲಿ ಯಾರೂ ಇದು ಬೇರೆ ದೇವಸ್ಥಾನವೆಂದು ಹೇಳಲಿಲ್ಲ. ಯಕ್ಷಗಾನ ದೊಂದಿಯ ಬೆಳಕಿನಿಂದ ಗ್ಯಾಸ್‌ಲೈಟಿಗೆ, ಅಲ್ಲಿಂದ ವಿದ್ಯುತ್ತಿಗೆ ಬಂದಿತು. ಬೆಳಕು ಬದಲಾದರೂ ಭಾಗವತರ ತಾಳಕ್ಕೆ ಕುಣಿಯುವುದು ಉಳಿಯಿತು. ಏನು ಬದಲಾಗಬಹುದು, ಏನು ಬದಲಾದರೆ ಕೆಲಸವೇ ನಿಲ್ಲುತ್ತದೆ ಎಂಬ ವಿವೇಕ ಇದ್ದುದರಿಂದ ಇವು ಉಳಿದಿವೆ.

ಈಗ ನಮ್ಮ ಮಾತಿನ ಮಾತು. 1956ರ ನವೆಂಬರ್ 1ರಂದು ರಾಜ್ಯದ ಗೆರೆ ಎಳೆದ ಮೇಲೆ ಇಲ್ಲಿನ ಕನ್ನಡ ಹಿರಿಯರಿಂದ ಬಂದ ಗಾಡಿಯಂತೆ ನಮ್ಮ ಅಂಗಳದಲ್ಲಿದೆ. ಅದರ ಬಗ್ಗೆಯೂ ನಾವು ಮೂರು ಬಗೆಯವರು. ವರ್ಷಕ್ಕೊಮ್ಮೆ ರಾಜ್ಯೋತ್ಸವದ ದಿನ ಹೊರಗೆ ತಂದು, ಒರೆಸಿ, ಮೆರವಣಿಗೆ ಮಾಡಿ ಒಳಗಿಡುವವರು ಉಂಟು. ಮನೆಯಲ್ಲಿ ಆಡದಿದ್ದರೂ ಗೇಟಿನ ಮೇಲೆ, ಮದುವೆಯ ಕಾಗದದಲ್ಲಿ ಅಲಂಕಾರದ ಕನ್ನಡ ಅಚ್ಚು ಹಾಕಿಸುವವರು ಉಂಟು. ಮಲಯಾಳದ ನಾಲ್ಕು ಶಬ್ದ, ತುಳುವಿನ ಎರಡು ಶಬ್ದ ಸೇರಿಸಿಕೊಂಡು ಅಂಗಡಿಯಲ್ಲಿ, ಬಸ್ಸಿನಲ್ಲಿ, ಫೋನಿನಲ್ಲಿ ಅದನ್ನು ಓಡಿಸುವವರು ಉಂಟು. ಈ ಕೊನೆಯವರನ್ನು ಕಂಡು ನಗುವವರೂ ಇದ್ದಾರೆ. ಬೆಂಗಳೂರಿನಿಂದ ಬಂದವರಿಗೆ ನಮ್ಮ ‘ಉಂಟು’ ತಮಾಷೆ; ನಮ್ಮದೇ ಹಿರಿಯರಿಗೆ ಮಕ್ಕಳ ಬಾಯಲ್ಲಿ ‘ವಂಡಿ’ ಬಂದರೆ ಸಿಟ್ಟು.

ಆ ಮೂರು ಪ್ರಶ್ನೆಗಳನ್ನು ಇಲ್ಲಿಗೂ ತಂದು ನೋಡಿದರೆ ಸಿಟ್ಟು ಮಾಡಬೇಕಾದ ಜಾಗ ಬೇರೆಯೇ ಎಂದು ಕಾಣುತ್ತದೆ. ಮಗು ‘ವಂಡಿ’ ಎಂದರೆ ಕನ್ನಡದ ಕೆಲಸ ನಿಲ್ಲಲಿಲ್ಲ. ಒಂದು ಕೊಳವೆ ಬದಲಾಯಿತು, ಅಷ್ಟೆ. ನಾಳೆ ಅದೇ ಮಗು ‘ಗಾಡಿ’ ಎಂದೂ ಹೇಳಬಹುದು. ಆದರೆ ಮಗುವಿಗೆ ಕನ್ನಡದ ಅಕ್ಷರ ಕಲಿಸದೆ ಬಿಟ್ಟರೆ? ಅದು ಮಡ್‌ಗಾರ್ಡನ್ನು ಕತ್ತರಿಸಿದಂತೆ. ಆ ಮಗು ದೊಡ್ಡದಾಗಿ ಅಜ್ಜನ ಕಾಗದವನ್ನೋ ಗೋವಿಂದ ಪೈಗಳ ಪುಸ್ತಕವನ್ನೋ ತೆರೆದಾಗ ಅದಕ್ಕೆ ಕಾಣುವುದು ಚಿತ್ತಾರ ಮಾತ್ರ. ದೊಡ್ಡವರಾದ ಮೇಲೆ ಕಲಿಯಬಾರದೆಂದಿಲ್ಲ, ಕಲಿಯುವವರು ಬಹಳ ಕಡಿಮೆ. ಇನ್ನು ಬೆಲೆ ಕೊಡುವವರು ಯಾರು? ಯಾವ ಮಾಧ್ಯಮದ ಶಾಲೆ ಎಂಬ ತೀರ್ಮಾನವನ್ನು ನಾವು ಮಾಡುತ್ತೇವೆ. ಅದರ ಲಾಭವನ್ನೂ ನಷ್ಟವನ್ನೂ ಅನುಭವಿಸುವವರು ಮಕ್ಕಳು. ಉದ್ಯೋಗದ ಚಿಂತೆಯಿಂದ ಮಲಯಾಳ ಅಥವಾ ಇಂಗ್ಲಿಷ್ ಮಾಧ್ಯಮಕ್ಕೆ ಕಳುಹಿಸುವ ತಂದೆತಾಯಿಯರನ್ನು ದೂರಲು ನನಗೆ ಮನಸ್ಸಿಲ್ಲ. ಶಾಲೆ ಯಾವುದಾದರೂ ಆಗಲಿ, ಅಕ್ಷರವನ್ನು ಮನೆಯಲ್ಲಿಯೇ ಕೊಡಬಹುದು. ದಿನಕ್ಕೆ ಕಾಲುಗಂಟೆ ಸಾಕು. ಬೆಲೆಯನ್ನು ಪೂರ್ತಿಯಾಗಿ ಮಕ್ಕಳ ತಲೆಗೆ ಹಾಕದೆ ಸ್ವಲ್ಪ ನಾವೂ ಹೊರುವ ದಾರಿ ಅದು.

ರಾಯಲ್ ಎನ್‌ಫೀಲ್ಡ್ ಬುಲೆಟಿನ ಚರಿತ್ರೆಯಲ್ಲಿ ನಮಗೆ ಧೈರ್ಯ ಕೊಡುವ ಒಂದು ಸಂಗತಿ ಇದೆ. ಅದು ಇಂಗ್ಲೆಂಡಿನ ಗಾಡಿ. 1955ರಲ್ಲಿ ಅಲ್ಲಿನ ಕಂಪೆನಿ ಮದರಾಸಿನವರೊಂದಿಗೆ ಸೇರಿ ಇಲ್ಲಿ ತಯಾರಿಸತೊಡಗಿತು. 1970ರ ಸುಮಾರಿಗೆ ತಾಯ್ನಾಡಿನಲ್ಲಿ ಕಂಪೆನಿಯೇ ನಿಂತುಹೋಯಿತು. ಮದರಾಸಿನಲ್ಲಿ ಗಾಡಿ ತಯಾರಾಗುತ್ತಲೇ ಇದ್ದು, 1977ರಲ್ಲಿ ಇಲ್ಲಿಂದ ಇಂಗ್ಲೆಂಡಿಗೇ ರಫ್ತಾಯಿತು. ಹುಟ್ಟಿದ ಊರಿನಿಂದ ದೂರವಿದ್ದ ಮಾತ್ರಕ್ಕೆ ವಸ್ತುವೊಂದು ನಕಲಿಯಾಗುವುದಿಲ್ಲ. ಇಲ್ಲಿ ಅದು ಉಳಿದದ್ದು ಪೋಲೀಸರು, ಸೈನಿಕರು, ಹಾಲು ಮಾರುವವರು ಅದನ್ನು ದಿನವೂ ಓಡಿಸಿದ್ದರಿಂದ.

ಎಲ್ಲರ ಮನೆಯಲ್ಲಿಯೂ ಹಳೆಯ ಜಾವಾ ಇರಲಾರದು. ಆದರೆ ಹಿರಿಯರು ಬಿಟ್ಟುಹೋದ ಯಾವುದಾದರೊಂದು ವಸ್ತು, ಒಂದು ಪದ್ಧತಿ, ಒಂದು ಮಾತು ಇದ್ದೇ ಇರುತ್ತದೆ. ಅದನ್ನು ಒರೆಸಿ ಕಪಾಟಿನಲ್ಲಿ ಇಡುವ ಮೊದಲು ಅದಕ್ಕೆ ಇನ್ನೂ ಏನಾದರೂ ಕೆಲಸ ಮಾಡಲು ಸಾಧ್ಯವೋ ಎಂದು ನೋಡಬೇಕು. ಸಾಧ್ಯವಾದರೆ ಬೇಕಾದ ಬಿಡಿಭಾಗ ಹಾಕಿ ಓಡಿಸಬೇಕು. ತೆಗೆದದ್ದನ್ನು ಎಣ್ಣೆ ಹಚ್ಚಿ ಅಟ್ಟದಲ್ಲಿಡಬೇಕು. ಮುಂದೆ ಬರುವವರಿಗೆ ಅದು ಬೇಕಾದೀತು. ಓಡಿಸುವಾಗ ನೆರೆಮನೆಯವರ ನಿದ್ದೆ ಕೆಡದಂತೆ ಓಡಿಸಬೇಕು.